ಒಪ್ಪತ್ತಿನ ಸೋಮವಾರದ ಗುಳಿಗೆ

ಲಿಂಗಂಪಲ್ಲಿ ಸ್ಟೇಷನ್ನಿನ ಆಚೆ, ಹೊಸ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಡೆ, ಒಂದು ಟ್ರಸ್ಟಿನವರು ನಡೆಸುತ್ತಿದ್ದ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಪಾಠ ಮಾಡಿದೆ. ಮೂರನೇ ಕ್ಲಾಸು ನನ್ನದು. ಅದರ ಜೊತೆಗೆ ಔಷಧದ ಕಪಾಟಿನ ಬೀಗದ ಕೈಯೂ ನನ್ನದೇ. ನರ್ಸನ್ನು ಇಡುವಷ್ಟು ದೊಡ್ಡ ಶಾಲೆ ಅದಲ್ಲ. ಒಂದು ದಿನ ಸ್ಟಾಫ್ ರೂಮಿಗೆ ಬಂದ ಹೆಡ್‌ಮಿಸ್, ಮಕ್ಕಳ ಔಷಧ ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಉಳಿದವರೆಲ್ಲ ತಲೆ ತಗ್ಗಿಸಿ ನೋಟ್‌ಬುಕ್ ತಿದ್ದುತ್ತಿದ್ದರು. ನಾನು ತಲೆ ಎತ್ತಿದ್ದೆ, ಅಷ್ಟೇ. ನನ್ನ ಅರ್ಹತೆ ಅದೊಂದೇ.

ಔಷಧ ಕೊಡುವುದೆಂದರೆ ಏನೋ ದೊಡ್ಡ ಸೇವೆ ಎಂದು ಜನ ಭಾವಿಸುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಹುಡುಕಾಟ, ಕಾಲು ಪಾಲು ಜಗಳ. ಒಬ್ಬ ತಾಯಿ ಕೆಮ್ಮಿನ ಔಷಧವನ್ನು ನೀರಿನ ಬಾಟಲಿಯ ಮುಚ್ಚಳಕ್ಕೆ ಸುರಿದು, ಮೇಲೆ ಪ್ಲಾಸ್ಟಿಕ್ ಕಟ್ಟಿ ಕಳಿಸುತ್ತಿದ್ದಳು. ಮಗು ಶಾಲೆ ಮುಟ್ಟುವ ಹೊತ್ತಿಗೆ ಅದನ್ನು ಗಣಿತದ ಪುಸ್ತಕ ಕುಡಿದಿರುತ್ತಿತ್ತು. ಒಬ್ಬ ಅಜ್ಜಿ ಗೇಟಿನವರೆಗೆ ಬಂದು, ಮೊಮ್ಮಗನಿಗೆ ಹೊಟ್ಟೆನೋವು ಬಂದರೆ ಅಜವಾನ ಕೊಡಿ, ಸುಳ್ಳು ನೋವು ಬಂದರೆ ಒಂದು ಏಟು ಕೊಡಿ ಎಂದು ಹೇಳಿ ಹೋಗಿದ್ದಳು. ಸರ್ಕಾರದ ಹುಳದ ಗುಳಿಗೆಯ ದಿನವಂತೂ ಕೇಳುವುದೇ ಬೇಡ. ಎಲ್ಲರೂ ಜಗಿಯುತ್ತಿದ್ದರು, ಸಂಜೆ ನೋಡಿದರೆ ತುಳಸಿ ಕುಂಡದ ಮಣ್ಣಿನ ಮೇಲೆ ಏಳೆಂಟು ಬಿಳಿ ತುಣುಕು ಬಿದ್ದಿರುತ್ತಿದ್ದವು.

ಹಾಗಾಗಿ ನಾನು ಕೆಲವು ಕಟ್ಟುಪಾಡು ಮಾಡಿದ್ದೆ. ಪಾಲಕರ ಚೀಟಿ ಬೇಕು, ಡಾಕ್ಟರ ಚೀಟಿಯ ಜೆರಾಕ್ಸ್ ಬೇಕು, ಗುಳಿಗೆ ಬಿಡಿಯಾಗಿರದೆ ಅಂಗಡಿಯಿಂದ ಬಂದ ಸ್ಟ್ರಿಪ್ಪಿನ ಪಟ್ಟಿಯಲ್ಲೇ ಇರಬೇಕು. ಮಗು ನನ್ನೆದುರು ನುಂಗಬೇಕು, ಬಾಯಿ ತೆರೆಯಬೇಕು, ನಾಲಿಗೆ ಎತ್ತಿ ತೋರಿಸಬೇಕು. ಆಮೇಲೆ ರಿಜಿಸ್ಟರಿನಲ್ಲಿ ಒಂದು ಟಿಕ್. ಕಾಗದದ ಮೇಲೆ ಹೀಗಿತ್ತು. ನಡೆಯುತ್ತಿದ್ದದ್ದು ಬೇರೆ. ಹಾಜರಿಯ ಜೊತೆಗೆ ಔಷಧದ ರಿಜಿಸ್ಟರೂ ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿಗೆ ಹೋಗಬೇಕಿತ್ತು. ಮಧ್ಯಾಹ್ನದ ಗುಳಿಗೆ ಒಂದು ಗಂಟೆಗೆ. ಹೀಗಾಗಿ ಮೊದಲೇ ಟಿಕ್ ಹಾಕಿ ಕಳಿಸುತ್ತಿದ್ದೆ. ನಾನು ಹೇಗೂ ಕೊಟ್ಟೇ ಕೊಡುತ್ತೇನಲ್ಲ. ಐದು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ, ಆದ್ದರಿಂದ ಅದು ತಪ್ಪು ಎಂದು ನನಗಾಗಲಿ ಹೆಡ್‌ಮಿಸ್ಸಿಗಾಗಲಿ ಅನಿಸಿರಲಿಲ್ಲ.

ಆ ಹುಡುಗಿ ಜೂನ್ ತಿಂಗಳಲ್ಲಿ ಸೇರಿದಳು. ಒಂಬತ್ತು ವರ್ಷ. ಅವಳ ಅಪ್ಪ ಅವ್ವ ದೇವದುರ್ಗದ ಕಡೆಯಿಂದ ಬಂದು ನಮ್ಮ ಶಾಲೆಯ ಹಿಂದಿನ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತ, ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ಮಗಳನ್ನು ಸೇರಿಸಲು ಬಂದ ತಾಯಿ ಹೆಡ್‌ಮಿಸ್ ಎದುರು ಹರಕು ಹಿಂದಿಯಲ್ಲಿ ಒದ್ದಾಡುತ್ತಿದ್ದಳು. ಹುಡುಗಿಗೆ ಫಿಟ್ಸ್ ಇದೆ, ದಿನಕ್ಕೆ ಮೂರು ಗುಳಿಗೆ, ಮಧ್ಯಾಹ್ನದ್ದನ್ನು ಶಾಲೆಯಲ್ಲಿ ಕೊಡಬೇಕು, ಎರಡು ವರ್ಷದಿಂದ ಒಮ್ಮೆಯೂ ಬಂದಿಲ್ಲ, ಇದಿಷ್ಟನ್ನು ಹೇಳಲು ಅವಳಿಗೆ ಮಾತು ಸಾಲುತ್ತಿರಲಿಲ್ಲ. ನಾನು ಯಾವ ಊರವ್ವ ನಿಂದು ಎಂದು ಕೇಳಿದೆ. ಅವಳು ಕುರ್ಚಿ ಇದ್ದರೂ ನೆಲದ ಮೇಲೆ ಕೂತುಬಿಟ್ಟಳು.

"ನೀವು ನಮ್ಮ ಕಡೀಯವರೇನ್ರಿ ಅಕ್ಕೋರೆ? ಹಂಗಾದ್ರ ನಂಗ ಚಿಂತಿಲ್ಲ ಬಿಡ್ರಿ."

ನಾನು ವಿಜಯಪುರದ ಮಗಳು. ಮದುವೆಯಾಗಿ, ಗಂಡನ ರಕ್ಷಣಾ ಕಾರ್ಖಾನೆಯ ನೌಕರಿಯ ಬೆನ್ನು ಹತ್ತಿ ಈ ಊರಿಗೆ ಬಂದವಳು. ಹೊರಗೆ ತೆಲುಗು, ಸ್ಟಾಫ್ ರೂಮಿನಲ್ಲಿ ಅರ್ಧ ಹಿಂದಿ, ಮನೆಯಲ್ಲಿ ಸಂಜೆ ಹೊತ್ತು ಗಂಡನ ಜೊತೆ ನಾಲ್ಕು ಮಾತು ಕನ್ನಡ, ಅದೂ ಬಹುತೇಕ ಸಾರಿಗೆ ಉಪ್ಪು ಕಡಿಮೆ ಎಂಬುದರ ಬಗ್ಗೆ. ಆ ಹೆಣ್ಣುಮಗಳು ನನ್ನನ್ನು ತನ್ನವಳು ಎಂದದ್ದು ನನಗೆ ಹಿತವಾಯಿತು. ಮುಚ್ಚುಮರೆ ಏಕೆ, ತುಂಬ ಹಿತವಾಯಿತು.

ಹುಡುಗಿ ಚುರುಕು. ಮಗ್ಗಿಯನ್ನು ತೆಲುಗಿನಲ್ಲಿ ಒಪ್ಪಿಸುತ್ತಿದ್ದಳು, ಕೂಡಿಸುವಾಗ ಮಾತ್ರ ಬೆರಳು ಮಡಚುತ್ತ ಒಂದು ಎರಡು ಎಂದು ಕನ್ನಡದಲ್ಲಿ ಗೊಣಗುತ್ತಿದ್ದಳು. ಒಂದು ಗಂಟೆ ಹೊಡೆಯುತ್ತಲೇ ಕಪಾಟಿನ ಮುಂದೆ ಹಾಜರ್. ಗುಳಿಗೆ ನುಂಗಿ, ನಾನು ಹೇಳುವ ಮೊದಲೇ ಬಾಯಿ ತೆರೆದು, ನಾಲಿಗೆಯನ್ನು ಮೇಲೆ, ಎಡಕ್ಕೆ, ಬಲಕ್ಕೆ ಆಡಿಸಿ ತೋರಿಸುತ್ತಿದ್ದಳು. ನಾನಿಲ್ಲದಾಗ ನನ್ನ ನಡಿಗೆಯನ್ನೂ ಅಣಕಿಸುತ್ತಾಳೆಂದು ಗೊತ್ತಿತ್ತು. ಒಮ್ಮೆ ಕಿಟಕಿಯಿಂದ ನೋಡಿದೆ, ಬರೋಬ್ಬರಿ ಇತ್ತು.

ಶ್ರಾವಣದ ಎರಡನೇ ಸೋಮವಾರ. ಅವಳು ಎಂದಿನಂತೆ ಒಂದಕ್ಕೆ ಬಂದಳು. ಊಟ ಆಯಿತೇನ ಎಂದು ಕೇಳಿದೆ. ಡಾಕ್ಟರ ಚೀಟಿಯಲ್ಲಿ ಊಟದ ನಂತರ ಎಂದು ಬರೆದಿತ್ತು, ಆದ್ದರಿಂದ ಆ ಪ್ರಶ್ನೆ ದಿನವೂ ಇರುತ್ತಿತ್ತು.

"ಇಲ್ರಿ. ಇವತ್ತ ನಂದು ಒಪ್ಪತ್ತು."

ದೊಡ್ಡ ಹೆಂಗಸಿನ ಹಾಗೆ ಹೇಳಿದಳು. ಶೆಡ್ಡಿನ ಹೆಂಗಸರೆಲ್ಲ ಶ್ರಾವಣ ಸೋಮವಾರ ಒಂದೇ ಹೊತ್ತು ಉಣ್ಣುತ್ತಾರೆ, ರಾತ್ರಿ ಪೂಜೆಯಾದ ಮೇಲೆ. ಅವ್ವ ಬೇಡ ಎಂದರೂ ತಾನೇ ಹಟ ಹಿಡಿದು ಡಬ್ಬಿ ಬಿಟ್ಟು ಬಂದಿದ್ದಾಳೆ. ಬೆಳಿಗ್ಗೆ ಚಹದ ಜೊತೆ ಗುಳಿಗೆ ತೆಗೆದುಕೊಂಡದ್ದಷ್ಟೇ. ನನಗೂ ಅಂದು ಒಪ್ಪತ್ತು. ನಾನೂ ಅವಳಷ್ಟಿದ್ದಾಗ ಹೀಗೇ ಹಟ ಮಾಡಿ ಹಿಡಿದಿದ್ದೆ, ಓಣಿಯವರೆಲ್ಲ ಹೊಗಳಿದ್ದರು. ಅವಳ ತಲೆ ಸವರಿದೆ. ಬರಿ ಹೊಟ್ಟೆಗೆ ಗುಳಿಗೆ ಬಿದ್ದರೆ ಉರಿಯುತ್ತದೆ, ರಾತ್ರಿ ಉಂಡ ಮೇಲೆ ಮನೆಯದನ್ನೇ ತೊಗೋ ಎಂದು ಹೇಳಿ ಪಟ್ಟಿಯನ್ನು ವಾಪಸ್ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವಳು ಅಭ್ಯಾಸಬಲದಿಂದ ಬಾಯಿ ತೆರೆದು ನಾಲಿಗೆ ತೋರಿಸಿ ನಕ್ಕು ಓಡಿದಳು.

ಪಕ್ಕದ ಮೇಜಿನ ತೆಲುಗು ಟೀಚರ್ ಕೈಯಲ್ಲಿ ಆ ಬೀಗದ ಕೈ ಇದ್ದಿದ್ದರೆ, ಆಕೆ ಹುಡುಗಿಯ ಬಾಯಿಗೆ ಎರಡು ಬಿಸ್ಕೀಟು ತುರುಕಿ ಗುಳಿಗೆ ನುಂಗಿಸಿ ಕಳಿಸುತ್ತಿದ್ದಳು. ಒಪ್ಪತ್ತಿನ ಹಂಗು ಆಕೆಗಿರಲಿಲ್ಲ. ನನಗೆ ಎಲ್ಲ ಗೊತ್ತಿತ್ತು. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಒಪ್ಪತ್ತಿಗೆ ಬಾಳೆಹಣ್ಣು ನಡೆಯುತ್ತದೆ, ಹಾಲು ನಡೆಯುತ್ತದೆ. ಹಣ್ಣು ತಿಂದು ಗುಳಿಗೆ ನುಂಗಿದರೆ ಯಾವ ದೇವರ ಅಡ್ಡಿಯೂ ಇರಲಿಲ್ಲ. ಆ ಹೊತ್ತಿಗೆ ನನ್ನ ಫಲಾಹಾರಕ್ಕೆಂದು ತಂದ ನಾಲ್ಕು ಬಾಳೆಹಣ್ಣು ನನ್ನ ಚೀಲದಲ್ಲೇ ಇದ್ದವು.

ಎರಡೂವರೆಗೆ ಕ್ಲಾಸಿನಲ್ಲಿ ಫಿಟ್ಸ್ ಬಂತು. ಬೆಂಚಿನಿಂದ ಕೆಳಗೆ ಬಿದ್ದಳು. ನಾನು ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡಿದೆ. ಬೆಂಚು ಸರಿಸಿದೆ, ಮಗ್ಗುಲಿಗೆ ಹೊರಳಿಸಿದೆ, ತಲೆಯ ಕೆಳಗೆ ನನ್ನ ಸೆರಗು ಮಡಚಿಟ್ಟೆ. ಫಿಟ್ಸ್ ನಿಲ್ಲಲು ಅವಳ ಕೈಯಲ್ಲಿ ಕಬ್ಬಿಣ ಹಿಡಿಸಿ ಎಂದು ವಾಚ್‌ಮನ್ ಬೀಗದ ಕೈ ಗೊಂಚಲು ತಂದ, ಬೇಡವೆಂದು ಕಳಿಸಿದೆ. ಗಡಿಯಾರ ನೋಡುತ್ತಿದ್ದೆ. ಐದು ನಿಮಿಷ ದಾಟಿತು. ಉಳಿದ ಮಕ್ಕಳು ಗೋಡೆಗೆ ಆತು ನಿಂತಿದ್ದವು. ನನಗೆ ಹೆದರಿಕೆ ಆಗಲಿಲ್ಲ. ಏನೂ ಆಗಲಿಲ್ಲ. ಮುಳ್ಳು ಸರಿಯುವುದು ಕಾಣುತ್ತಿತ್ತು, ಅಷ್ಟೇ.

ಆಟೋದಲ್ಲಿ ಹುಡುಗಿಯ ತಲೆ ನನ್ನ ತೊಡೆಯ ಮೇಲೆ, ಕಾಲು ಹೆಡ್‌ಮಿಸ್ ತೊಡೆಯ ಮೇಲೆ. ಹೆಡ್‌ಮಿಸ್ ಕೇಳಿದರು, ಮಧ್ಯಾಹ್ನದ ಟ್ಯಾಬ್ಲೆಟ್ ಇಚ್ಚಾರಾ ಎಂದು. ಕೊಟ್ಟಿರಾ ಎಂದು. ನಾನು ಇಚ್ಚಾನು ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ. ರಿಜಿಸ್ಟರಿನಲ್ಲಿ ಟಿಕ್ ಇತ್ತು, ಬಾಯಿ ಅದನ್ನೇ ಓದಿತು. ಆ ಒಂದು ಮಾತು ಹೊರಬಿದ್ದ ಮೇಲೆ ಅದನ್ನು ಒಳಗೆ ಎಳೆದುಕೊಳ್ಳಲು ಆಸ್ಪತ್ರೆಯವರೆಗಿನ ಹತ್ತು ನಿಮಿಷದ ದಾರಿಯಿತ್ತು. ಎಳೆದುಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಹುಡುಗಿ ನಿದ್ದೆಗೆ ಜಾರಿದಳು. ತಾಯಿ ಸಿಮೆಂಟಿನ ಕೈಯಲ್ಲೇ ಓಡಿಬಂದಳು. ಮಕ್ಕಳ ಡಾಕ್ಟರು ಹಿಂದಿಯಲ್ಲಿ ಕೇಳುತ್ತಿದ್ದರು, ಅವಳಿಗೆ ಅರ್ಥವಾಗುತ್ತಿರಲಿಲ್ಲ. ದುಭಾಷಿ ನಾನೇ ಆದೆ. ಬೆಳಿಗ್ಗೆಯ ಗುಳಿಗೆ ಕೊಟ್ಟಿದ್ದೀರಾ? ಕೊಟ್ಟಿದ್ದಾಳಂತೆ. ಮಧ್ಯಾಹ್ನದ್ದು? ನಾನು ಅದನ್ನೂ ಕನ್ನಡಕ್ಕೆ ತಂದು ತಾಯಿಗೆ ಹೇಳಿದೆ. ಅವಳು ನನ್ನ ಕಡೆ ತಿರುಗಿದಳು.

"ಉಪಾಸ ಇದ್ಲು ಖರೆ. ಗುಳಿಗಿ ಕೊಟ್ಟಿರಲ್ರಿ ಅಕ್ಕೋರೆ?"

ಹೂಂ ಎಂದೆ. ಡಾಕ್ಟರಿಗೆ ಹಿಂದಿಯಲ್ಲಿ, ಕೊಟ್ಟಾಗಿದೆ ಎಂದೆ. ಒಂದೇ ಸುಳ್ಳನ್ನು ಅಂದು ಮೂರು ಭಾಷೆಯಲ್ಲಿ ಹೇಳಿದೆ. ಡಾಕ್ಟರು ಪೆನ್ನಿನ ತುದಿಯನ್ನು ಮೇಜಿಗೆ ಬಡಿಯುತ್ತ ಯೋಚಿಸಿದರು. ಹಸಿವೂ ಒಂದು ಕಾರಣ ಇರಬಹುದು, ಆದರೆ ಎರಡೂ ಹೊತ್ತಿನ ಔಷಧ ಮೈಯಲ್ಲಿದ್ದೂ ಇಷ್ಟು ದೊಡ್ಡದಾಗಿ ಬಂದಿದೆ ಎಂದರೆ ಒಂದೇ ಔಷಧಕ್ಕೆ ಇದು ಬಗ್ಗುತ್ತಿಲ್ಲ, ಎರಡನೆಯದನ್ನು ಸೇರಿಸೋಣ, ಸ್ವಲ್ಪ ಮಂಪರು ಬರುತ್ತದೆ ಎಂದರು. ಡಾಕ್ಟರು ಏನಂತಾರೆ ಎಂದು ತಾಯಿ ಕೇಳಿದಳು. ನಾನು ಹೇಳಿದೆ.

"ರೋಗ ಸ್ವಲ್ಪ ಬಲತೈತಂತ. ಇನ್ನೊಂದು ಗುಳಿಗಿ ಕೊಡಬೇಕಂತ."

ಬಲತೈತಿ ಎಂಬ ಮಾತು ಡಾಕ್ಟರದ್ದಲ್ಲ, ನನ್ನದು. ತಾಯಿ ಅದನ್ನು ಬಾಯಲ್ಲೇ ಎರಡು ಸಲ ಅಂದುಕೊಂಡಳು. ಆಮೇಲೆ ಮಗಳ ಕಾಲಿನ ಹತ್ತಿರ ಕೂತು ಚಾದರ ಸರಿಮಾಡಿದಳು.

ಹುಡುಗಿಯಿಂದ ನಿಜ ಹೊರಬರಬಹುದು ಎಂದು ಎರಡು ದಿನ ಕಾದೆ. ಬರಲಿಲ್ಲ. ಅವಳಿಗೆ ಆ ಸೋಮವಾರವೇ ನೆನಪಿರಲಿಲ್ಲ. ಬೆಳಿಗ್ಗೆ ಡಬ್ಬಿ ಬಿಟ್ಟು ಬಂದದ್ದೂ ಇಲ್ಲ, ಕಪಾಟಿನ ಮುಂದೆ ನಿಂತದ್ದೂ ಇಲ್ಲ. ಫಿಟ್ಸ್ ಆ ದಿನವನ್ನೇ ಒರೆಸಿಕೊಂಡು ಹೋಗಿತ್ತು. ಪಟ್ಟಿಯಲ್ಲಿ ಒಂದು ಗುಳಿಗೆ ಹೆಚ್ಚು ಉಳಿದಿತ್ತು. ಅದನ್ನು ಬಾತ್‌ರೂಮಿನಲ್ಲಿ ಹಾಕಿ ನೀರು ಬಿಟ್ಟೆ. ಅಲ್ಲಿಗೆ, ಗೊತ್ತಿದ್ದವಳು ನಾನೊಬ್ಬಳೇ.

ಹೊಸ ಗುಳಿಗೆ ಶುರುವಾದ ಮೇಲೆ ಹುಡುಗಿ ಬೇರೆಯವಳಾದಳು. ಕೂತಲ್ಲೇ ತೂಕಡಿಸುವಳು. ಮಗ್ಗಿ ನಾಲ್ಕರ ಹತ್ತಿರ ನಿಂತುಬಿಡುತ್ತಿತ್ತು. ಬೆರಳು ಮಡಚುತ್ತಿದ್ದಳು, ಎಷ್ಟು ಮಡಚಿದೆ ಎಂಬುದು ಮರೆತು ಕೈಯನ್ನೇ ನೋಡುತ್ತ ಕೂರುತ್ತಿದ್ದಳು. ಹತ್ತೂವರೆಗೆಲ್ಲ ತಲೆ ಬೆಂಚಿನ ಮೇಲೆ, ಎಬ್ಬಿಸಿದರೆ ನೋಟ್‌ಬುಕ್ಕಿನ ಹಾಳೆ ಕೆನ್ನೆಗೆ ಅಂಟಿಕೊಂಡು ಬರುತ್ತಿತ್ತು. ಮಧ್ಯಾಹ್ನ ಅವಳನ್ನು ನಾನೇ ಕೈ ಹಿಡಿದು ಕಪಾಟಿನವರೆಗೆ ಕರೆದೊಯ್ಯುತ್ತಿದ್ದೆ. ನುಂಗು ಎಂದರೆ ನುಂಗುವಳು. ಬಾಯಿ ತೆರೆ ಎಂದು ಹೇಳಬೇಕಾಗುತ್ತಿತ್ತು.

ಇದನ್ನೆಲ್ಲ ನಾನು ದಿನವೂ ನೋಡಿದೆ. ನೋಡುತ್ತ ಏನಾಗುತ್ತಿತ್ತು ಎಂದು ಕೇಳಿದರೆ, ನಿಜವಾಗಿ ಏನೂ ಆಗುತ್ತಿರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಅಪರಾಧಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರಲ್ಲ, ಅದು ಸುಳ್ಳು. ಹಲ್ಲಿಗೆ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಮುಟ್ಟಿಕೊಂಡರೆ ಬೇರೆಯವರದ್ದನ್ನು ಮುಟ್ಟಿದ ಹಾಗಿರುತ್ತದೆ, ನನ್ನೊಳಗೆ ಎಲ್ಲವೂ ಹಾಗಿತ್ತು. ಟಿಕ್‌ಗಳನ್ನು ಮಾತ್ರ ಈಗ ಕೊಟ್ಟ ಮೇಲೆಯೇ ಹಾಕುತ್ತಿದ್ದೆ. ರಿಜಿಸ್ಟರ್ ಎರಡು ಗಂಟೆಗೆ ಕಳಿಸುತ್ತೇನೆ ಎಂದಾಗ ಹೆಡ್‌ಮಿಸ್ ಕಾರಣವನ್ನೂ ಕೇಳಲಿಲ್ಲ, ಸರಿ ಎಂದರು. ಅಷ್ಟು ಸುಲಭವಿತ್ತು ಅದು.

ದಸರೆ ರಜೆಗೆ ಒಂದು ವಾರವಿರುವಾಗ ತಾಯಿ ಶಾಲೆಗೆ ಬಂದಳು. ಮಗಳ ಟಿಸಿ ಕೇಳಲು. ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು, ನನ್ನನ್ನು ಕಂಡು ಎದ್ದು ನಿಂತಳು. ರೋಗ ಬಲಿತ ಮೇಲೆ ಇವಳಿಗೆ ಸಾಲಿ ಯಾತಕ್ಕೆ, ಊರಿಗೆ ಕಳಿಸಿಬಿಡುತ್ತೇವೆ, ಅಜ್ಜಿಯ ಹತ್ತಿರ ಇರಲಿ ಎಂದಳು. ಅಲ್ಲಿ ಒಬ್ಬರು ಬೇರು ಅರೆದು ಕೊಡುತ್ತಾರಂತೆ, ಆದರೆ ಅದಕ್ಕೆ ಇಂಗ್ಲಿಷ್ ಔಷಧ ಪೂರ್ತಿ ಬಿಡಬೇಕಂತೆ. ಗುಳಿಗೆ ತಿಂದೂ ಬಲಿಯುವುದಾದರೆ ತಿನ್ನಿಸಿ ಏನು ಬಂತು ಎಂದು ಅವಳ ಗಂಡ ಹೇಳಿದ್ದಾನಂತೆ. ಬರುವ ರವಿವಾರ ಹೊರಡುವುದು.

ಎಲ್ಲ ಗುಳಿಗೆ ಒಮ್ಮೆಲೇ ಬಿಟ್ಟರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಅಪಾಯ ಎಂಬುದು ನನಗೆ ಗೊತ್ತಿತ್ತು. ಡಾಕ್ಟರು ಅಂದು ಬೆರಳು ಎತ್ತಿ ಎಚ್ಚರಿಸಿದ್ದರು, ಅದನ್ನೂ ನಾನೇ ಕನ್ನಡಕ್ಕೆ ತಂದಿದ್ದೆ. ಈ ಹುಡುಗಿ ಉಳಿಯುವುದೋ ಹೋಗುವುದೋ ಎಂಬುದು ನನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ಆ ಬೆಂಚಿನ ಹತ್ತಿರ ನಿಂತಾಗ ತಿಳಿಯಿತು. ಧೈರ್ಯ ಬಂತು ಎಂದೇನೂ ಅಲ್ಲ. ಹೇಳದೆ ಇರಲು ಯಾವ ಸಂದಿಯೂ ಉಳಿದಿರಲಿಲ್ಲ.

ಮುಂದೆ ಆದದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ವಿಶೇಷವಿಲ್ಲ. ಅದೇ ದಿನ ಹೆಡ್‌ಮಿಸ್ಸಿಗೆ ಹೇಳಿದೆ. ಅವರು ಬಹಳ ಹೊತ್ತು ರಿಜಿಸ್ಟರಿನ ಆ ಪುಟವನ್ನೇ ನೋಡಿ, ಬೀಗದ ಕೈ ಮೇಜಿನ ಮೇಲೆ ಇಡಿ ಎಂದರು. ಆ ವರ್ಷದ ಕೊನೆಗೆ ನಾನೇ ಶಾಲೆ ಬಿಟ್ಟೆ. ಶನಿವಾರ ತಾಯಿ ಮಗಳ ಜೊತೆ ಡಾಕ್ಟರ ಹತ್ತಿರ ಹೋಗಿ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡೆ. ಅವರು ನನ್ನ ಮುಖ ನೋಡಲಿಲ್ಲ. ಎರಡನೇ ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಹುಡುಗಿ ಊರಿಗೆ ಹೋಗಲಿಲ್ಲ.

ಆದರೆ ನನಗೆ ಹೇಳಬೇಕಾಗಿರುವುದು ಆ ಬೆಂಚಿನದು. ನಾನು ಅವಳ ಪಕ್ಕ ಕೂತು ಹೇಳಿದೆ.

"ಅವತ್ತು ನಾ ಗುಳಿಗಿ ಕೊಟ್ಟಿರಲಿಲ್ಲ. ಒಪ್ಪತ್ತು ಅಂದ್ಲು, ಬರೆ ಹೊಟ್ಟಿ ಅಂತ ವಾಪಸ್ ಇಟ್ಟೆ. ದವಾಖಾನ್ಯಾಗ ಸುಳ್ಳು ಹೇಳಿದೆ."

ಅವಳಿಗೆ ಮೊದಲು ತಿಳಿಯಲಿಲ್ಲ. ಯಾವತ್ತು ಎಂದು ಕೇಳಿದಳು. ಫಿಟ್ಸ್ ಬಂದ ದಿನ ಎಂದೆ. ಬೈಗುಳಕ್ಕೆ ನಾನು ತಯಾರಾಗಿದ್ದೆ. ಕೈ ಎತ್ತಿದರೂ ಸರಿ ಎಂದುಕೊಂಡಿದ್ದೆ, ಒಂದು ರೀತಿಯಲ್ಲಿ ಅದನ್ನೇ ಬಯಸಿದ್ದೆ. ಅವಳು ನನ್ನ ಮೊಣಕೈ ಹಿಡಿದುಕೊಂಡಳು.

"ಹಂಗಾದ್ರ ರೋಗ ಬಲತಿಲ್ಲಲ್ರಿ?"

ಇಲ್ಲ ಎಂದೆ. ಮತ್ತೊಮ್ಮೆ ಕೇಳಿದಳು. ಗುಳಿಗೆ ತಪ್ಪಿದ್ದಕ್ಕೆ ಬಂದದ್ದು, ಹೊಟ್ಟೆ ಹಸಿದಿತ್ತು, ರೋಗ ಮೊದಲು ಎಷ್ಟಿತ್ತೋ ಅಷ್ಟೇ ಇರಬೇಕು, ಡಾಕ್ಟರನ್ನು ಕೇಳೋಣ ಎಂದೆ. ಅವಳ ಮುಖ ಅರಳಿತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಆಕೆ ನಕ್ಕಳು. ಕುಪ್ಪಸದಿಂದ ಫೋನು ತೆಗೆದು ಅಲ್ಲೇ ಗಂಡನಿಗೆ ಹಚ್ಚಿದಳು. ಬಲತಿಲ್ಲಂತ ಕೇಳ್ರಿ, ಮೊದಲಿನಂಗ ಐತಂತ, ಅಕ್ಕೋರೇ ಹೇಳಾಕತ್ತಾರ ಎಂದು ಅವನಿಗೆ ಎರಡೆರಡು ಸಲ ಹೇಳಿದಳು. ನನ್ನ ತಪ್ಪಿನ ಮಾತನ್ನೇ ಎತ್ತಲಿಲ್ಲ. ನಾನು ತಂದದ್ದು ಅವಳಿಗೆ ಒಳ್ಳೆಯ ಸುದ್ದಿಯಾಗಿತ್ತು. ಎರಡು ತಿಂಗಳು ಆ ಸುದ್ದಿಯನ್ನು ನಾನು ಇಟ್ಟುಕೊಂಡಿದ್ದೆ.

ಫೋನನ್ನು ಮತ್ತೆ ಕುಪ್ಪಸದೊಳಗೆ ಸೇರಿಸಿದಳು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಆಮೇಲೆ, ಮಗಳು ಈಗ ಬೆಳಿಗ್ಗೆ ಏಳದಿರುವುದು, ಯಾವಾಗಲೂ ಮಲಗಿಕೊಂಡೇ ಇರುವುದು, ಅದೆಲ್ಲ ಹೊಸ ಗುಳಿಗೆಯಿಂದಲೇ ಏನು ಎಂದು ಕೇಳಿದಳು. ಹೌದು ಎಂದೆ. ಡಾಕ್ಟರು ಮಂಪರಿನ ಮಾತು ಹೇಳಿದ್ದರು. ಅಂದು ನಾನು ಅದನ್ನು ಕನ್ನಡಕ್ಕೆ ತಂದಿರಲಿಲ್ಲ ಎಂಬುದು ಆ ಕ್ಷಣ ಹೊಳೆಯಿತು. ಬಲತೈತಿ ಎಂದದ್ದೊಂದು, ಇನ್ನೊಂದು ಗುಳಿಗೆ ಎಂದದ್ದೊಂದು. ಗುಳಿಗೆ ಬಿಡಬಾರದು ಎಂದದ್ದೊಂದು. ಅಷ್ಟೇ ಹೇಳಿದ್ದೆ.

ಅವಳು ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದಳು.

"ದಿನಾ ಮುಂಜಾನಿ ಹೊಡೀತಿದ್ದೆನ್ರಿ ಆಕಿನ್ನ. ಸಾಲಿ ತಪ್ಪಸಾಕ ಸೋಗು ಹಾಕ್ತಾಳ ಅಂದ್ಕೊಂಡಿದ್ದೆ. ಇವತ್ತೂ ಹೊಡದೀನಿ."

ಹಲ್ಲಿನ ಇಂಜೆಕ್ಷನ್ನಿನ ಜೋಮು ಇಳಿದ ಹಾಗೆ ನೋವು ಒಮ್ಮೆಲೇ ತಿಳಿಯಿತು. ಎರಡು ತಿಂಗಳಲ್ಲಿ ಅದೇ ಮೊದಲು. ಅಷ್ಟೂ ಏಟುಗಳು ನಾನು ಹೊಡೆದವು, ಅವಳ ಕೈಯಿಂದ. ಅವಳು ನನ್ನ ಕಡೆ ನೋಡಲೇ ಇಲ್ಲ. ಕಣ್ಣೊರೆಸಿಕೊಂಡು, ಮೂರನೇ ಕ್ಲಾಸು ಎಷ್ಟೊತ್ತಿಗೆ ಬಿಡುತ್ತದೆ ಎಂದು ಕೇಳಿದಳು. ಇನ್ನೂ ಒಂದು ತಾಸು ಇತ್ತು. ಅಲ್ಲಿಯವರೆಗೆ ಇಲ್ಲೇ ಕೂತಿರುತ್ತೇನೆ ಎಂದಳು.